ಬಾಗಿಲು ತಟ್ಟುವ ಕೆಲಸ

ಅರೋರಾ

ನಲವತ್ತು ವರ್ಷದ ಹತ್ತಿರ ಬೆಂಗಳೂರಿನಲ್ಲಿ ಜರ್ಮನ್ ಭಾಷೆ ಕಲಿಸಿದ ನಾನು ಜರ್ಮನಿಯನ್ನು ನೋಡಿಲ್ಲ. ನನ್ನಲ್ಲಿ ಕಲಿತು ಅಲ್ಲಿಗೆ ಹೋದ ನರ್ಸುಗಳು, ಎಂಜಿನಿಯರುಗಳು ಕಳಿಸುವ ಫೋಟೋಗಳಲ್ಲಷ್ಟೇ ಆ ದೇಶ ನನಗೆ ಪರಿಚಯ. ನಿವೃತ್ತಿಯಾದ ಮೇಲೆ ಕಡೆಗೂ ವಿಮಾನ ಹತ್ತಿದೆ. ಇಳಿದದ್ದು ಮಾತ್ರ ಶಿಕಾಗೋದಲ್ಲಿ. ಅಕ್ಕ ಪದ್ಮ, ಭಾವ ರಘು ಅಲ್ಲಿನ ವೆಸ್ಟ್‌ಮಂಟ್‌ನಲ್ಲಿ ಮನೆ ಮಾಡಿಕೊಂಡು ಎಷ್ಟೋ ವರ್ಷಗಳಾಗಿವೆ. ಅವರು ಕರೆದಾಗಲೆಲ್ಲ ನಾನು ಏನಾದರೊಂದು ನೆಪ ಹೇಳುತ್ತಿದ್ದೆ. ನನ್ನ ಗಂಡ ಮೋಹನ ನಮ್ಮ ವಾಯುಪಡೆಯಲ್ಲಿ ಪೈಲಟ್ ಆಗಿದ್ದವರು, ಮದುವೆಯಾದ ಸ್ವಲ್ಪ ಕಾಲಕ್ಕೇ ವಿಮಾನ ಅಪಘಾತದಲ್ಲಿ ಹೋಗಿಬಿಟ್ಟವರು. ಆಕಾಶದಲ್ಲಿ ಸದ್ದು ಕೇಳಿದರೆ ಇವತ್ತಿಗೂ ನಾನು ತಲೆಯೆತ್ತುವುದಿಲ್ಲ.

ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ಅರೋರಾದ ಬಾಲಾಜಿ ದೇವಸ್ಥಾನಕ್ಕೆ ಹೊರಟೆವು. ಹೊರಗೆ ಎಷ್ಟು ಡಿಗ್ರಿ ಇದೆ ಎಂದು ಕೇಳಿದೆ. "ನಲವತ್ತು" ಎಂದರು ಭಾವ. ಕಲಬುರಗಿಯ ಬೇಸಿಗೆ ನೆನೆಸಿಕೊಂಡು ತೆಳುವಾದ ಹತ್ತಿ ಸೀರೆ ಉಟ್ಟು, ಸ್ವೆಟರನ್ನು ಬಿಟ್ಟು, ಮನೆಯೊಳಗಿನಿಂದಲೇ ಗ್ಯಾರೇಜಿಗೆ ಹೋಗಿ ಕಾರು ಹತ್ತಿದೆ. ಅವರು ಹೇಳಿದ್ದು ಫ್ಯಾರನ್‌ಹೀಟ್ ಎಂದು ಗೊತ್ತಾಗಿದ್ದು ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ಕಾಲಿಟ್ಟಾಗ. ಹಲ್ಲು ಕಟಕಟನೆ ಬಡಿದುಕೊಳ್ಳುತ್ತಾ ಬಾಲಾಜಿಯ ಮುಂದೆ ನಿಂತೆ. ಏನು ಬೇಡಿಕೊಂಡೆನೋ ನೆನಪಿಲ್ಲ, ಬಹುಶಃ ಶಾಲು ಬೇಡಿಕೊಂಡಿರಬೇಕು.

ದರ್ಶನ ಮುಗಿಸಿ ಬಂದರೆ ನನ್ನ ಹೊಸ ಶೂ ನಾಪತ್ತೆ. ಅದೇ ಜಾಗದಲ್ಲಿ ಎರಡು ಸೈಜು ದೊಡ್ಡದಾದ ಇನ್ನೊಂದು ಜೊತೆ ನನಗಾಗಿ ಕಾದಿತ್ತು. ಹುಬ್ಬಳ್ಳಿ ಕಡೆಯ ಹೆಂಗಸೊಬ್ಬರು ನನ್ನ ಪೇಚಾಟ ನೋಡಿ, "ಇಲ್ಲೂ ಹೋಗ್ತಾವ್ರೀ ಅಕ್ಕಾರ. ದೇವರ ಜೋಡಿ ಮಂದೀನೂ ಬಂದೈತಲ್ರೀ" ಎಂದು ನಕ್ಕರು. ದೊಡ್ಡ ಶೂಗಳನ್ನು ಎಳೆದುಕೊಂಡು ಕ್ಯಾಂಟೀನಿಗೆ ಹೋಗಿ ಪುಳಿಯೋಗರೆ ತಿನ್ನುತ್ತಿರುವಾಗ ಅಕ್ಕನ ಫೋನು ಬಡಿದುಕೊಂಡಿತು. ಅವಳ ಮಗಳು ದೀಪಾ. ಇಲ್ಲೇ ಹುಟ್ಟಿ ಬೆಳೆದವಳು, ಡೆಟ್ರಾಯಿಟ್ ಹತ್ತಿರದ ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ ಮನೆ, ಕಾರು ಕಂಪನಿಯಲ್ಲಿ ಕೆಲಸ. ಅವಳ ಮನೆಗೆ ನಾವು ಹೋಗಬೇಕಾಗಿದ್ದುದು ತಿಂಗಳ ಕೊನೆಗೆ.

"ಚಿಕ್ಕಮ್ಮ, ನೀವು ಸ್ವಲ್ಪ ಬೇಗ ಬರಕ್ಕಾಗತ್ತಾ?" ಎಂದಳು, ಫೋನು ನನ್ನ ಕೈಗೆ ಬಂದ ಕೂಡಲೇ. "ನನ್ನ ನೇಬರ್ ಮನೇಲಿ ಒಬ್ರು ಜರ್ಮನ್ ತಾತ ಇದಾರೆ. ಇಂಗ್ಲಿಷ್ ಪೂರ್ತಿ ಮರ್ತೋಗಿದೆ ಅವ್ರಿಗೆ, ಡಿಮೆನ್ಶಿಯಾ. ಮನೇಲಿ ಯಾರಿಗೂ ಜರ್ಮನ್ ಬರಲ್ಲ. ಹೀ ಜಸ್ಟ್ ಕೀಪ್ಸ್ ಆಸ್ಕಿಂಗ್ ಸಮ್‌ಥಿಂಗ್. ಏನು ಕೇಳ್ತಿದಾರೆ ಅಂತ ಗೊತ್ತಾಗ್ತಿಲ್ಲ."

ಮಿಶಿಗನ್ ದಾರಿ

ಭಾವ ಡ್ರೈವ್ ಮಾಡುವಾಗ ಮಾತಾಡಿಸಬಾರದು ಎಂದು ಅಕ್ಕ ಹೇಳಿದ್ದಳು. ಮಾತಾಡಿಸಿದೆ. ಇಂಡಿಯಾನಾದಲ್ಲಿ ಹಿಡಿಯಬೇಕಾದ ಎಕ್ಸಿಟ್ ತಪ್ಪಿಹೋಯಿತು. ನಮ್ಮಲ್ಲಾದರೆ ರಸ್ತೆ ಬದಿಯ ಟೀ ಅಂಗಡಿಯಲ್ಲಿ ಕೇಳಿ, ಅಲ್ಲೇ ತಿರುಗಿಸಿಕೊಂಡು ಬರಬಹುದಿತ್ತು. ಇಲ್ಲಿ ಒಮ್ಮೆ ತಪ್ಪಿದರೆ ಮೈಲಿಗಟ್ಟಲೆ ತಪ್ಪನ್ನೇ ಮುಂದುವರಿಸಬೇಕು. ಹಳೆಯ ಉಕ್ಕಿನ ಕಾರ್ಖಾನೆಗಳ ಹೊಗೆ ದಾಟಿ, ಎಲೆಯಿಲ್ಲದ ಮರಗಳ ನಡುವೆ ಸಾಗಿ ಮಿಶಿಗನ್ ಸೇರಿದಾಗ ಕಾರಿನ ಗಡಿಯಾರ ತಾನಾಗಿಯೇ ಒಂದು ಗಂಟೆ ಮುಂದೆ ಹಾರಿತು.

"ನಿನ್ನ ಆ ಜರ್ಮನ್ ಮುದುಕ ಏನಾಗಿದ್ದರಂತೆ?" ಎಂದು ಭಾವ ಕೇಳಿದರು.

"ಏರ್ ಫೋರ್ಸ್ ಕಮಾಂಡರ್ ಅಂತೆ. ಜನರಲ್ ಆಗಿ ರಿಟೈರ್ ಆದ್ರಂತೆ. ದೀಪಾ ಹೇಳಿದ್ಳು."

"ಹಿಟ್ಲರ್ ಕಾಲದವರಾ ಮತ್ತೆ? ನೋಡಮ್ಮ, ಯೋಚನೆ ಮಾಡು. ಯಾರ್ಯಾರ ಮೇಲೆ ಬಾಂಬ್ ಹಾಕಿದಾರೋ ಏನೋ."

ಆ ಪ್ರಶ್ನೆ ನನಗೂ ಬಂದಿತ್ತು. ವಯಸ್ಸಿನ ಲೆಕ್ಕ ಹಾಕಿದೆ. ತೊಂಬತ್ತರ ಹತ್ತಿರದವರು ಎಂದರೆ ಆ ಯುದ್ಧ ಮುಗಿದಾಗ ಇನ್ನೂ ಹುಡುಗ. ಭಾವನಿಗೆ ಅಷ್ಟನ್ನೇ ಹೇಳಿದೆ. ನನಗಿದ್ದ ಹಿಂಜರಿಕೆ ಬೇರೆಯದು. ನಾನು ವಾಯುಪಡೆಯ ಕಮಾಂಡರ್ ಒಬ್ಬರನ್ನು ಹತ್ತಿರದಿಂದ ನೋಡಿದ್ದು ಜೀವನದಲ್ಲಿ ಒಂದೇ ಸಲ. ಮೋಹನ ಹೋದ ದಿನ ನಮ್ಮ ಕ್ವಾರ್ಟರ್ಸ್‌ನ ಬಾಗಿಲಲ್ಲಿ.

ವೆಸ್ಟ್ ಬ್ಲೂಮ್‌ಫೀಲ್ಡ್

ದೀಪಾಳ ಬಡಾವಣೆಯಲ್ಲಿ ಮನೆಗಳಿಗೆ ಕಾಂಪೌಂಡ್ ಇಲ್ಲ. ಯಾರ ಹುಲ್ಲು ಎಲ್ಲಿ ಮುಗಿಯಿತು, ಯಾರದು ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ. ಹಿಂದೆ ಒಂದು ಕೆರೆ. ಅದರ ಮೇಲಿನ ಮಂಜುಗಡ್ಡೆ ಆಗ ತಾನೇ ಒಡೆದು ದಡಕ್ಕೆ ಹತ್ತಿಕೊಂಡಿತ್ತು. ರಸ್ತೆಯಲ್ಲಿ ನಡೆಯುವವರೇ ಇಲ್ಲ. ಕಾರಿನಲ್ಲಿ ಹೋಗುವವರು ಗುರುತಿಲ್ಲದ ನನಗೂ ಕೈ ಬೀಸುತ್ತಾರೆ. ಮೊದಲ ದಿನ ಯಾರನ್ನೋ ಕರೆಯುತ್ತಿದ್ದಾರೆಂದು ಹಿಂದೆ ತಿರುಗಿ ನೋಡಿದೆ. ನಾವು ಪಕ್ಕದ ಮನೆಯವರ ಅಡುಗೆ ಏನೆಂದು ಒಗ್ಗರಣೆಯ ವಾಸನೆಯಲ್ಲೇ ತಿಳಿದುಕೊಳ್ಳುವವರು. ಇಲ್ಲಿ ಪಕ್ಕದ ಮನೆಯಲ್ಲಿ ಸಾವಾದರೂ ಸದ್ದು ಹೊರಗೆ ಬರುವುದಿಲ್ಲ.

ಹಾಗೆ ಸದ್ದಿಲ್ಲದೆ ಆಗಿದ್ದ ಸಾವೊಂದು ಪಕ್ಕದ ಮನೆಯಲ್ಲಿತ್ತು. ಆ ಮನೆಯ ಯಜಮಾನ ಮಾರ್ಕ್ ಅದನ್ನು ಬಾಗಿಲಲ್ಲಿ ನಿಂತೇ ಹೇಳಿದ. ಅರವತ್ತು ದಾಟಿದ, ದೊಡ್ಡ ಕೈಗಳ ಅಮೆರಿಕನ್. ಕಾರಿನ ಗೇರ್‌ಗಳ ವಿನ್ಯಾಸ ಮಾಡುತ್ತಿದ್ದು ಈಗ ಕೆಲಸ ಬಿಟ್ಟವನು. ಅವನ ಹೆಂಡತಿ ಕಾರಿನ್ ಹೋದ ಶರತ್ಕಾಲದಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದಳು. ಒಳಗಿದ್ದ ಮುದುಕರು ಕಾರಿನ್‌ಳ ತಂದೆ, ಅಂದರೆ ಮಾರ್ಕ್‌ನ ಮಾವ. ತಮ್ಮ ಹೆಂಡತಿ ಸತ್ತ ಮೇಲೆ ಜರ್ಮನಿಯ ಮನೆ ಬಿಟ್ಟು ಮಗಳ ಹತ್ತಿರ ಬಂದಿದ್ದರು. ಈಗ ಮಗಳೂ ಇಲ್ಲ. ಆ ಮನೆಯಲ್ಲಿ ಉಳಿದವರು ಅಳಿಯ, ಮಾವ ಇಬ್ಬರೇ, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದವರು.

"ವೃದ್ಧರ ಹೋಮ್‌ಗೆ ಸೇರಿಸು ಅಂತ ಎಲ್ಲರೂ ಹೇಳ್ತಾರೆ," ಎಂದ ಮಾರ್ಕ್. "ಕಾರಿನ್ ಹಾಗೆ ಮಾಡ್ತಿರಲಿಲ್ಲ. ನಾನೂ ಮಾಡಲ್ಲ. ಆದರೆ ಅವರು ಇಡೀ ದಿನ ನನ್ನನ್ನ ಏನೋ ಕೇಳ್ತಾರೆ. ಅವಳ ಹೆಸರೊಂದು ತಿಳಿಯತ್ತೆ, ಉಳಿದದ್ದು ತಿಳಿಯಲ್ಲ."

ಮುದುಕರು ಹಿತ್ತಿಲಲ್ಲಿ, ಕೆರೆಗೆ ಮುಖ ಮಾಡಿದ ಬೆಂಚಿನ ಮೇಲೆ ಕೋಟು ಹಾಕಿಕೊಂಡು ಕುಳಿತಿದ್ದರು. ಎತ್ತರದ ಆಳು, ಬೆನ್ನು ನೆಟ್ಟಗಿತ್ತು. "ನಮಸ್ಕಾರ, ಹೆರ್ ಡೋರ್ನ್" ಎಂದು ಜರ್ಮನ್‌ನಲ್ಲಿ ಹೇಳಿದೆ. ಹೆರ್ ಎಂದರೆ ನಮ್ಮ ಶ್ರೀಯುತರು ಇದ್ದಂತೆ, ಡೋರ್ನ್ ಎಂಬ ಹೆಸರು ಮಾರ್ಕ್ ಹೇಳಿದ್ದು. ಅವರು ತಟ್ಟನೆ ಎದ್ದು ನಿಂತರು. ಸೀರೆ, ಕುಂಕುಮ, ಕಾಲಲ್ಲಿದ್ದ ಯಾರದೋ ದೊಡ್ಡ ಶೂ, ಎಲ್ಲವನ್ನೂ ಒಂದು ಸಲ ನೋಡಿದರು. ಆಮೇಲೆ ಮಾತು ಶುರುವಾಯಿತು. ಎಷ್ಟೋ ತಿಂಗಳಿಂದ ಕಟ್ಟಿಹೋದ ನಲ್ಲಿ ತಿರುಗಿಸಿದ ಹಾಗೆ, ಮೊದಲು ಬಿಕ್ಕಿ ಬಿಕ್ಕಿ, ಆಮೇಲೆ ಧಾರೆಯಾಗಿ.

"ನೀವು ಪುಸ್ತಕದ ಹಾಗೆ ಮಾತಾಡುತ್ತೀರಿ," ಎಂದರು. ನನಗೆ ನಾಚಿಕೆಯಾಯಿತು. ಜರ್ಮನ್ ಮಾತೃಭಾಷೆಯಾದವರ ಜೊತೆ ಅಷ್ಟು ಹೊತ್ತು ಕುಳಿತು ಮಾತಾಡಿದ್ದು ಅದೇ ಮೊದಲು. ಭಾರತ ಎಂದ ಕೂಡಲೇ, "ನಿಮ್ಮ ಪೈಲಟ್‌ಗಳಿಗೆ ಕಷ್ಟ. ಬಿಸಿಗಾಳಿಯಲ್ಲಿ ರೆಕ್ಕೆಗೆ ಹಿಡಿತ ಸಾಲದು, ಮೇಲೇಳಲು ರನ್‌ವೇ ಉದ್ದ ಬೇಕು" ಎಂದರು. ಇಂಗ್ಲಿಷ್ ಮರೆತವರಿಗೆ ಇದು ನೆನಪಿತ್ತು.

ಸ್ವಲ್ಪ ಹೊತ್ತು ಬಿಟ್ಟು ದನಿ ತಗ್ಗಿಸಿ ಕೇಳಿದರು: "ಕಾರಿನ್ ಎಲ್ಲಿ? ಈ ಮನುಷ್ಯನನ್ನು ಕೇಳಿ ಕೇಳಿ ಸಾಕಾಯಿತು, ಹೇಳುವುದೇ ಇಲ್ಲ. ನನಗೆ ಗೊತ್ತು. ಅವಳಿಗೆ ನನ್ನ ಮೇಲೆ ಸಿಟ್ಟು. ಅದಕ್ಕೇ ನೋಡಲು ಬರುತ್ತಿಲ್ಲ."

ಮಾರ್ಕ್ ನನ್ನ ಮುಖವನ್ನೇ ನೋಡುತ್ತಿದ್ದ. ಅವನಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವನು ಮನೆಯ ಗೋಡೆಗೆ ಕೈಕೊಟ್ಟು ನಿಂತುಬಿಟ್ಟ.

"ಅವರಿಗೆ ಹೇಳಿದ್ದೆ," ಎಂದ. "ಆಗ ಇನ್ನೂ ಸ್ವಲ್ಪ ಇಂಗ್ಲಿಷ್ ಇತ್ತು. ಅಂತ್ಯಕ್ರಿಯೆಗೂ ಬಂದಿದ್ದರು, ಸೂಟು ಹಾಕಿಕೊಂಡು ಎಲ್ಲರ ಕೈ ಕುಲುಕಿದರು. ಯಾರದು ಅಂತ ಗೊತ್ತಾಗಲಿಲ್ಲವೇನೋ. ಇಷ್ಟು ದಿನ ಅವಳು ಬಿಟ್ಟುಹೋದಳು ಅಂದುಕೊಂಡಿದಾರಾ?"

ಕೆರೆಯ ಬೆಂಚು

ಆಮೇಲೆ ಪ್ರತಿದಿನ ಮಧ್ಯಾಹ್ನ ಅಲ್ಲಿಗೆ ಹೋದೆ. ಅಕ್ಕ ಭಾವ ದೀಪಾಳ ಜೊತೆ ಊರು ನೋಡಲು ಹೋದರೆ ನಾನು ಬೆಂಚಿನ ಮೇಲೆ. ಹೆರ್ ಡೋರ್ನ್‌ಗೆ ಬೆಳಗಿನ ತಿಂಡಿ ನೆನಪಿರುತ್ತಿರಲಿಲ್ಲ. ಆದರೆ ಹಳೆಯದೆಲ್ಲ ಅಚ್ಚಳಿಯದೆ ಉಳಿದಿತ್ತು. ಹಾರಿ ಹಾರಿ ಹೇಳಿದ್ದನ್ನು ನಾನು ಜೋಡಿಸಿಕೊಂಡೆ.

ಅವರು ಹುಟ್ಟಿದ ಪ್ರಾಂತ್ಯ ಈಗ ಜರ್ಮನಿಯಲ್ಲೇ ಇಲ್ಲ. ಯುದ್ಧದ ಕೊನೆಯ ಚಳಿಗಾಲದಲ್ಲಿ ತಾಯಿ ಮಕ್ಕಳನ್ನು ಗಾಡಿಯಲ್ಲಿ ಹತ್ತಿಸಿಕೊಂಡು ಪಶ್ಚಿಮಕ್ಕೆ ಹೊರಟಿದ್ದಳು. ತಂದೆ ಯುದ್ಧದಲ್ಲಿ ಕಾಣೆಯಾದವರು, ಕೊನೆಗೂ ಸಿಗಲಿಲ್ಲ. ದಾರಿಯಲ್ಲಿ ವಿಮಾನಗಳು ತಗ್ಗಿ ಬಂದು ಗುಂಡು ಹಾರಿಸಿದಾಗ ಮಕ್ಕಳು ಗಾಡಿಯಡಿ ನುಗ್ಗಿದರು. "ಗಾಡಿಯಡಿಯಿಂದ ನೋಡಿದೆ. ಅಲ್ಲಿ ಮೇಲೆ ಕೂತವನಿಗೆ ಚಳಿಯಾಗುತ್ತಿಲ್ಲ, ಹಸಿವಾಗುತ್ತಿಲ್ಲ ಅನ್ನಿಸಿತು. ಅಲ್ಲಿ ಇರಬೇಕು, ಇಲ್ಲಿ ಅಲ್ಲ ಅಂದುಕೊಂಡೆ. ಬೇರೆ ಆದರ್ಶ ಏನೂ ಇರಲಿಲ್ಲ."

ಸೋತ ದೇಶಕ್ಕೆ ಹತ್ತು ವರ್ಷದ ಮೇಲೆ ಮತ್ತೆ ವಾಯುಪಡೆ ಬಂತು, ಇವರು ಮೊದಮೊದಲಲ್ಲೇ ಸೇರಿದರು. ಕಲಿಸಿದವರು ಅಮೆರಿಕನ್ನರು, ಕಲಿತದ್ದು ಅಮೆರಿಕದ ಮರುಭೂಮಿಯಲ್ಲಿ. ಊರಿಗೆ ಮರಳಿದಾಗ ಸಮವಸ್ತ್ರ ನೋಡಿ ಟ್ರಾಮ್‌ನಲ್ಲಿ ಮುದುಕಿಯೊಬ್ಬಳು ಸೀಟು ಬದಲಾಯಿಸಿದಳಂತೆ. "ಅವಳು ಮಾಡಿದ್ದು ಸರಿಯೇ. ನಮ್ಮ ಹಿಂದಿನವರು ಆ ಬಟ್ಟೆ ತೊಟ್ಟು ಮಾಡಿದ್ದು ಅಂಥದ್ದು. ನಾವು ಬೇರೆ ಅಂತ ತೋರಿಸಲು ನನಗೆ ಇಡೀ ಕೆಲಸದ ಕಾಲ ಬೇಕಾಯಿತು."

ಆಮೇಲೆ ಮೊಂಡು ರೆಕ್ಕೆಯ, ಒಂಟಿ ಎಂಜಿನ್ನಿನ ಹೊಸ ವಿಮಾನ ಬಂತು. ವೇಗದಲ್ಲಿ ಅದಕ್ಕೆ ಸಮ ಇಲ್ಲ. ಎಂಜಿನ್ ನಿಂತರೆ ಕಲ್ಲಿನ ಹಾಗೆ ಬೀಳುತ್ತಿತ್ತು. ಯುದ್ಧವಿಲ್ಲದ ಕಾಲದಲ್ಲಿ, ಅಭ್ಯಾಸದಲ್ಲೇ, ಹುಡುಗರು ಒಬ್ಬೊಬ್ಬರಾಗಿ ಹೋದರು. ಹೆರ್ ಡೋರ್ನ್ ಉಳಿದರು, ಮೇಲೇರಿದರು. ಒಂದು ವಾಯುನೆಲೆಯ ಕಮಾಂಡರ್ ಆದರು. ಯಾರು ಹಾರಬೇಕು, ಇವತ್ತಿನ ಮೋಡಕ್ಕೆ ಹಾರಬಹುದೇ ಬೇಡವೇ, ಎಲ್ಲಕ್ಕೂ ಅವರ ಒಪ್ಪಿಗೆ. ಇನ್ನೂ ಮೇಲೇರಿದಾಗ ಹಾರುವುದು ನಿಂತು ಮೇಜು ಬಂತು. ಕೊನೆಗೆ ಎರಡು ಜರ್ಮನಿಗಳು ಒಂದಾದ ಮೇಲೆ ಪೂರ್ವದ ನೆಲೆಯೊಂದನ್ನು ವಹಿಸಿಕೊಳ್ಳಲು ಹೋದರು. ಅಷ್ಟು ವರ್ಷ ಯಾರ ವಿಮಾನದ ಗುರುತು ಬಾಯಿಪಾಠ ಮಾಡಿದ್ದರೋ ಆ ಎದುರಾಳಿ ಪೈಲಟ್‌ಗಳು ಸಾಲಾಗಿ ನಿಂತಿದ್ದರು. ಅವರಲ್ಲಿ ಬಹಳ ಮಂದಿಗೆ ಕೆಲಸವಿಲ್ಲ ಎಂದು ಹೇಳಬೇಕಾಗಿತ್ತು. "ಒಬ್ಬನ ಬೂಟಿನ ಪಾಲಿಷ್ ಇನ್ನೂ ಒದ್ದೆಯಾಗಿತ್ತು. ನನಗಾಗಿ ಹಚ್ಚಿಕೊಂಡು ಬಂದಿದ್ದ." ಆ ವರ್ಷವೇ ನಿವೃತ್ತಿ ಕೇಳಿ ಪಡೆದರು.

ಇಷ್ಟು ಹೇಳಿ ಮುಗಿಸುವಾಗಲೆಲ್ಲ ಮಾತು ಅಲ್ಲಿಗೇ ಬಂದು ನಿಲ್ಲುತ್ತಿತ್ತು: "ಕಾರಿನ್ ಇನ್ನೂ ಬರಲಿಲ್ಲವಲ್ಲ." ನಾನು ಕೆರೆಯ ಬಾತುಕೋಳಿಗಳನ್ನು ತೋರಿಸಿ ಮಾತು ಮರೆಸುತ್ತಿದ್ದೆ.

ಒಂದು ಸಂಜೆ ಮಾರ್ಕ್ ನನ್ನನ್ನು ಬಾಗಿಲವರೆಗೆ ಕಳಿಸಲು ಬಂದ. "ನೀವೇ ಹೇಳ್ತೀರಾ ಅವರಿಗೆ? ಅವರ ಭಾಷೆಯಲ್ಲಿ?" ಎಂದು ಕೇಳಿದ. ಮರುದಿನ ಮರೆಯಬಹುದು ಎಂದೆ. "ಮರೆಯಲಿ. ಒಂದು ದಿನವಾದರೂ ಅವಳು ಬಿಟ್ಟುಹೋಗಲಿಲ್ಲ ಅಂತ ಅವರಿಗೆ ಗೊತ್ತಿರಲಿ."

ದೀಪಾ ಒಪ್ಪಲಿಲ್ಲ. "ಚಿಕ್ಕಮ್ಮ, ಹಾಗೆಲ್ಲ ಹೇಳ್ಬಾರ್ದು ಅಂತಾರೆ ಡಾಕ್ಟರ್ಸ್. ಎವ್ರಿ ಟೈಮ್ ಅದು ಹೊಸ ನ್ಯೂಸ್ ಆಗತ್ತೆ ಅವ್ರಿಗೆ." ಅಕ್ಕ, "ನಿನಗ್ಯಾಕೆ ಬೇಕು ಊರವರ ಸಾವಿನ ಸುದ್ದಿ, ನಿಂದೇ ಸಾಲದಾ?" ಎಂದಳು. ಇಬ್ಬರ ಮಾತೂ ಸರಿಯಾಗಿತ್ತು.

ಡೆಟ್ರಾಯಿಟ್ ನದಿ

ಶನಿವಾರ ಬಿಸಿಲು ಬಂತು. ಮಾರ್ಕ್ ಮಾವನನ್ನೂ ನನ್ನನ್ನೂ ಡೆಟ್ರಾಯಿಟ್‌ಗೆ ಕರೆದುಕೊಂಡು ಹೋದ. ಬಾಗಿಲಿಗೆ ಹಲಗೆ ಬಡಿದ ಮನೆಗಳ ಬೀದಿಯೊಂದನ್ನು ದಾಟಿದರೆ ಪಕ್ಕದಲ್ಲೇ ಹೊಸ ಕಾಫಿ ಅಂಗಡಿಗಳ ಬೀದಿ. ನದಿಯ ದಂಡೆಯಲ್ಲಿ ಜನ ನಾಯಿಗಳಿಗೂ ಸ್ವೆಟರ್ ತೊಡಿಸಿಕೊಂಡು ನಡೆಯುತ್ತಿದ್ದರು. ಆಚೆ ದಡ ಕೆನಡಾ ಎಂದ ಮಾರ್ಕ್. ಕೆನಡಾ ಉತ್ತರಕ್ಕಿದೆ ಎಂದು ಶಾಲೆಯಲ್ಲಿ ಕಲಿತ ನನಗೆ ಇಲ್ಲಿ ಅದು ದಕ್ಷಿಣಕ್ಕಿರುವುದು ಯಾಕೋ ಮೋಸದ ಹಾಗೆ ಕಂಡಿತು. ಅದಿರು ಹೊತ್ತ ಉದ್ದನೆಯ ಹಡಗೊಂದು ಎರಡು ದೇಶಗಳ ನಡುವೆ ನಿಧಾನವಾಗಿ ಹೋಗುತ್ತಿತ್ತು.

ನಮ್ಮಿಬ್ಬರನ್ನು ದಂಡೆಯ ಬೆಂಚಿನ ಮೇಲೆ ಕೂರಿಸಿ ಮಾರ್ಕ್ ಕಾಫಿ ತರಲು ಹೋದ. ಹೆರ್ ಡೋರ್ನ್ ಇದ್ದಕ್ಕಿದ್ದಂತೆ, "ನನ್ನ ಕೆಲಸದಲ್ಲಿ ಹಾರುವುದು ಸುಲಭ. ಬಾಗಿಲು ತಟ್ಟುವುದು ಕಷ್ಟ" ಎಂದರು.

ನನಗೆ ಅರ್ಥವಾಯಿತು.

"ನಮ್ಮ ನೆಲೆಯಲ್ಲಿ ಮನೆಗಳು ಒಂದೇ ಬೀದಿಯಲ್ಲಿದ್ದವು. ಹಗಲು ಹೊತ್ತಿನಲ್ಲಿ ನನ್ನ ಕಾರು ಆ ಬೀದಿಗೆ ನಿಧಾನವಾಗಿ ಬಂದರೆ ಹೆಂಗಸರೆಲ್ಲ ಕಿಟಕಿಗೆ ಬರುತ್ತಿದ್ದರು. ಯಾರ ಮನೆಯ ಮುಂದೆ ನಿಲ್ಲುತ್ತದೆ ಅಂತ. ನನ್ನ ಮನೆ ಬೀದಿಯ ಕೊನೆಗೆ. ಬೇಗ ಮನೆಗೆ ಹೋಗಬೇಕೆಂದರೂ ನಾನು ಹೋಗುತ್ತಿರಲಿಲ್ಲ, ಹೆದರಿಸಬಾರದು ಅಂತ. ಒಂದು ದಿನ ಕಾರಿನ್‌ಳ ಗೆಳತಿಯ ಮನೆ ಮುಂದೆ ನಿಲ್ಲಿಸಿದೆ. ಮಕ್ಕಳಿಬ್ಬರೂ ಅಲ್ಲೇ ಮೆಟ್ಟಿಲ ಮೇಲೆ ಆಡುತ್ತಿದ್ದರು. ಆ ಬೆಳಿಗ್ಗೆ ಹಾರಲು ಅನುಮತಿ ಕೊಟ್ಟವನು ನಾನೇ. ಯಾರದೂ ತಪ್ಪಿಲ್ಲ ಅಂತ ತನಿಖೆಯಲ್ಲಿ ಬಂತು. ಆ ಹುಡುಗಿ ಮತ್ತೆ ಕಾರಿನ್ ಜೊತೆ ಮಾತಾಡಲಿಲ್ಲ. ಕಾರಿನ್ ನನ್ನ ಜೊತೆ ಬಹಳ ದಿನ ಮಾತಾಡಲಿಲ್ಲ. ಆ ಸಿಟ್ಟು ಹೋಗಿಲ್ಲ ಅವಳಿಗೆ."

"ಬಾಗಿಲು ತೆರೆದಾಗ ಏನು ಹೇಳುತ್ತಿದ್ದಿರಿ?" ಎಂದೆ.

"ಸತ್ತ ಅನ್ನುವ ಮಾತು. ಮೊದಲು ಅದೇ. ನಿಂತುಕೊಂಡು, ಟೋಪಿ ತೆಗೆದು. ಕೂತ ಮೇಲೆ ಹೇಳುತ್ತೇನೆ ಅನ್ನಬಾರದು. ಅಪಘಾತ, ಗಾಯ, ನೋಡೋಣ, ಇದೆಲ್ಲ ಹೇಳಬಾರದು. ಹೇಳಿ ಹೊರಟುಬಿಡಬಾರದು. ಅವಳವರು ಇನ್ನೊಬ್ಬರು ಬರುವ ತನಕ ಆ ಮನೆಯಲ್ಲಿ ಇರಬೇಕು, ಅವಳು ಬೈದರೂ."

ಆಗ ನಾನು ಹೇಳಿದೆ, ಅಕ್ಕನಿಗೂ ಪೂರ್ತಿ ಹೇಳದಿದ್ದದ್ದನ್ನು. ಉತ್ತರ ಭಾರತದ ಒಂದು ನೆಲೆ, ಕ್ವಾರ್ಟರ್ಸ್. ಮೋಹನ ಬೆಳಿಗ್ಗೆ ಹೋಗುವಾಗ ಸಂಜೆಗೆ ಅವರೆಕಾಯಿ ಸಿಕ್ಕರೆ ತರುತ್ತೇನೆ ಎಂದಿದ್ದರು, ಆ ಊರಿನಲ್ಲಿ ಅದು ಸಿಗುವುದಿಲ್ಲವೆಂದು ಗೊತ್ತಿದ್ದೂ. ಮಧ್ಯಾಹ್ನ ಕಮಾಂಡರೂ ಅವರ ಹೆಂಡತಿಯೂ ಜೀಪಿನಲ್ಲಿ ಬಂದರು. "ಸಣ್ಣ ಆ್ಯಕ್ಸಿಡೆಂಟ್ ಆಗಿದೆ, ಆಸ್ಪತ್ರೆಗೆ ಹೋಗೋಣ" ಎಂದರು. ನಾನು ಒಂದು ಚೀಲದಲ್ಲಿ ಮೋಹನನ ಪೈಜಾಮ, ಟವೆಲ್, ಶೇವಿಂಗ್ ಸೆಟ್, ತಲೆಗೆ ಹಚ್ಚುವ ಎಣ್ಣೆ ಎಲ್ಲ ಇಟ್ಟೆ. ಆಕೆ ನಾನು ಮಡಿಸುವುದನ್ನೇ ನೋಡುತ್ತಾ ನಿಂತಿದ್ದರು. ಏನೂ ಹೇಳಲಿಲ್ಲ. ಆಸ್ಪತ್ರೆಯ ಗೇಟಿನಲ್ಲಿ ಯಾರೋ ನನ್ನ ಕೈಯಿಂದ ಆ ಚೀಲ ತೆಗೆದುಕೊಂಡರು. ಆಗ ತಿಳಿಯಿತು.

ಬೆಂಗಳೂರಿಗೆ ಬಂದ ಮೇಲೆ ತವರಿನ ಮನೆ ತುಂಬ ಸಂತಾಪ ಹೇಳುವವರು. ಅವರು ಬರುವ ಹೊತ್ತಿಗೆ ಸರಿಯಾಗಿ ಪಕ್ಕದ ಬೀದಿಯಲ್ಲಿ ಜರ್ಮನ್ ಕ್ಲಾಸು ನಡೆಯುತ್ತಿತ್ತು. ಅದಕ್ಕೆ ಸೇರಿದೆ. ಆ ಭಾಷೆಯಲ್ಲಿ ನನ್ನನ್ನು ಪಾಪ ಎನ್ನುವವರು ಯಾರೂ ಇರಲಿಲ್ಲ.

ಹೆರ್ ಡೋರ್ನ್ ಎಲ್ಲ ಕೇಳಿದರು. "ಸಣ್ಣ ಅಪಘಾತ," ಎಂದು ಒಮ್ಮೆ ತಮ್ಮಷ್ಟಕ್ಕೇ ಹೇಳಿಕೊಂಡರು. ಆಮೇಲೆ ಬೆಂಚಿನ ಕೈ ಹಿಡಿದು ಕಷ್ಟಪಟ್ಟು ಎದ್ದು, ನನ್ನ ಎದುರು ನಿಂತು, ಟೋಪಿ ತೆಗೆದರು. "ನಿಮ್ಮ ಗಂಡ ಸತ್ತರು. ಅದನ್ನು ನಿಮ್ಮ ಬಾಗಿಲಲ್ಲೇ ಹೇಳಬೇಕಾಗಿತ್ತು. ಆ ಚೀಲ ತುಂಬಲು ನಿಮ್ಮನ್ನು ಬಿಡಬಾರದಾಗಿತ್ತು. ಆ ಅಧಿಕಾರಿಯ ಪರವಾಗಿ ನಾನು ಕ್ಷಮೆ ಕೇಳುತ್ತೇನೆ."

ಅಷ್ಟು ವರ್ಷಗಳಲ್ಲಿ ಯಾರೂ ನನ್ನ ಹತ್ತಿರ ಕ್ಷಮೆ ಕೇಳಿರಲಿಲ್ಲ. ಕೇಳಬೇಕಾದ್ದಿದೆ ಎಂದೂ ನನಗೆ ಹೊಳೆದಿರಲಿಲ್ಲ. ಮಾರ್ಕ್ ಮೂರು ಕಾಫಿ ಹಿಡಿದು ಬಂದಾಗ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದೆ, ಅವರು ಹಾಗೆಯೇ ನಿಂತಿದ್ದರು. ಅವನು ಕಾಫಿಗಳನ್ನು ಬೆಂಚಿನ ಮೇಲಿಟ್ಟು ಮಾವನನ್ನು ಹಿಡಿದು ಕೂರಿಸಿದ.

ಮನೆಗೆ ಬರುವ ದಾರಿಯಲ್ಲಿ, ಹೆರ್ ಡೋರ್ನ್ ಹಿಂದಿನ ಸೀಟಿನಲ್ಲಿ ನಿದ್ದೆ ಹೋದಾಗ, ಮಾರ್ಕ್‌ಗೆ ಎಲ್ಲ ಹೇಳಿದೆ. ಕಾರಿನ್‌ಳ ಸಿಟ್ಟಿನ ವಿಷಯವನ್ನೂ.

"ಸಿಟ್ಟಾ?" ಎಂದ ಅವನು. "ಆ ದಿನದ ಕಥೆ ನನಗೆ ಅವಳೇ ಹೇಳಿದ್ದಳು. ಅಪ್ಪ ಮನೆಗೆ ಬಂದು ಗ್ಯಾರೇಜಿನಲ್ಲಿ ಕಾರಿನೊಳಗೇ ಕೂತು ಅಳುತ್ತಿದ್ದದ್ದನ್ನ ಬಾಗಿಲ ಸಂದಿಯಿಂದ ನೋಡಿದಳಂತೆ. ಏನು ಮಾತಾಡಬೇಕು ಅಂತ ತಿಳಿಯದೆ ಸುಮ್ಮನಾದಳಂತೆ. ಸಿಟ್ಟಿನಿಂದಲ್ಲ."

ಭಾನುವಾರ

ಮರುದಿನ ಊಟದ ಹೊತ್ತಿಗಿಂತ ಮುಂಚೆ ಹೋದೆ. ಹಿತ್ತಿಲಿನಿಂದ ಹೋಗಲಿಲ್ಲ. ಮುಂದಿನ ಬಾಗಿಲಿಗೆ ಹೋಗಿ ತಟ್ಟಿದೆ. ಮಾರ್ಕ್ ತೆರೆದ. ಹೆರ್ ಡೋರ್ನ್ ಕಿಟಕಿಯ ಹತ್ತಿರದ ಕುರ್ಚಿಯಲ್ಲಿದ್ದರು, ನನ್ನನ್ನು ನೋಡಿ ನಕ್ಕು ಕೂರಲು ಸನ್ನೆ ಮಾಡಿದರು. ನಾನು ಕೂರಲಿಲ್ಲ. ಹಿಂದಿನ ದಿನದ ಮಾತು ಅವರಿಗೆ ನೆನಪಿತ್ತೋ ಇಲ್ಲವೋ, ನಾನು ನಿಂತ ರೀತಿ ನೋಡಿ ಅವರ ಮುಖದ ನಗು ನಿಂತಿತು.

"ಹೆರ್ ಡೋರ್ನ್, ಕಾರಿನ್ ಸತ್ತುಹೋಗಿದ್ದಾಳೆ."

ಅವರು ಎದ್ದರು. ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡರು. ಮಾರ್ಕ್ ಹಿಡಿಯಲು ಬಂದ, ಬೇಡ ಎಂದು ಕೈ ಮಾಡಿದರು.

"ಯಾವಾಗ?"

"ಹೋದ ಶರತ್ಕಾಲದಲ್ಲಿ. ಕಾಯಿಲೆಯಿಂದ."

"ಅವಳ ಹತ್ತಿರ ಯಾರಿದ್ದರು?"

"ಮಾರ್ಕ್ ಇದ್ದ. ನೀವೂ ಇದ್ದಿರಿ. ನೀವು ಅವಳ ಕೈ ಹಿಡಿದುಕೊಂಡಿದ್ದಿರಿ." ಮಾರ್ಕ್ ನನಗೆ ಮೊದಲೇ ಹೇಳಿದ್ದ ನಿಜ ಅದು.

"ಸಿಟ್ಟಿನಲ್ಲಿ ಹೋದಳಾ?"

"ಇಲ್ಲ. ಆ ದಿನ ನೀವು ಗ್ಯಾರೇಜಿನಲ್ಲಿ ಅತ್ತದ್ದನ್ನು ಅವಳು ನೋಡಿದ್ದಳು. ಅವಳಿಗೆ ಸಿಟ್ಟಿರಲಿಲ್ಲ. ನಿಮಗೆ ಏನು ಹೇಳಬೇಕೆಂದು ತಿಳಿದಿರಲಿಲ್ಲ, ಅಷ್ಟೇ."

ಅವರು ಕಿಟಕಿಯ ಹೊರಗೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನೀವು ಬಂದಿದ್ದಕ್ಕೆ ಕೃತಜ್ಞತೆಗಳು" ಎಂದರು. ಅವರ ಬೀದಿಯ ಹೆಂಗಸರು ಅವರಿಗೆ ಹೇಳುತ್ತಿದ್ದ ಮಾತಿರಬೇಕು. ಆ ಮಾತು ಮುಗಿದ ಮೇಲೆ ಕುರ್ಚಿಯತ್ತ ಕೈ ಚಾಚಿದರು. ಮಾರ್ಕ್ ಅವರನ್ನು ತಬ್ಬಿ ಹಿಡಿದುಕೊಂಡ. ಇಬ್ಬರೂ ಆ ಕುರ್ಚಿಯ ಹತ್ತಿರ ನೆಲದ ಮೇಲೇ ಕುಳಿತು, ಎರಡು ಭಾಷೆಯಲ್ಲಿ ಒಂದೇ ಹೆಸರು ಹೇಳಿ ಅತ್ತರು. ಮಾರ್ಕ್ ಅಷ್ಟು ತಿಂಗಳು ಅತ್ತಿರಲಿಲ್ಲವಂತೆ. ಅಳಲು ಆ ಮನೆಯಲ್ಲಿ ಜೊತೆ ಇರಲಿಲ್ಲ.

ನಾನು ಹೊರಡಲಿಲ್ಲ. ದೀಪಾ ಬಿಸಿಬೇಳೆಬಾತ್ ಡಬ್ಬಿ ಹಿಡಿದುಕೊಂಡು ಬಂದಳು, ಖಾರ ಹಾಕದೆ ಮಾಡಿದ್ದು. ಅವಳು ಬೈಯುತ್ತಾಳೆಂದುಕೊಂಡೆ. ಅವಳು ನನ್ನ ಪಕ್ಕ ನಿಂತು ನನ್ನ ಭುಜಕ್ಕೆ ತಲೆಯಾನಿಸಿದಳು. ಹೆರ್ ಡೋರ್ನ್ ಎರಡು ಚಮಚ ತಿಂದರು.

ಹೊರಡುವ ದಿನ

ಸೋಮವಾರ ಭಾವ ಬೆಳಿಗ್ಗೆಯೇ ಕಾರು ತುಂಬಿಸಿದರು. ವೆಸ್ಟ್‌ಮಂಟ್‌ಗೆ ಕತ್ತಲಾಗುವ ಮೊದಲು ಸೇರಬೇಕು, ಈ ಸಲ ಯಾರೂ ಮಾತಾಡಿಸಬಾರದು ಎಂದು ಆಜ್ಞೆ. ಅಕ್ಕ ಚಳಿಗಾಳಿಗೆ ಹೆದರಿ ನನಗೆ ಎರಡು ಸ್ವೆಟರ್ ತೊಡಿಸಿದ್ದಳು. ಹೋಗಿ ಬರುತ್ತೇನೆಂದು ಹೇಳಲು ಹಿತ್ತಿಲು ದಾಟಿ ಹೋದೆ.

ಹೆರ್ ಡೋರ್ನ್ ಬೆಂಚಿನ ಮೇಲಿದ್ದರು. ಎದ್ದು ನಿಂತು ವಂದಿಸಿದರು. ಹವೆಯ ವಿಷಯ ಮಾತಾಡಿದರು. ಆಮೇಲೆ ನೆರೆಯವರಲ್ಲಿ ವಿಚಾರಿಸುವ ದನಿಯಲ್ಲಿ ಕೇಳಿದರು:

"ನನ್ನ ಮಗಳು ಕಾರಿನ್‌ಳನ್ನು ನೀವು ಎಲ್ಲಾದರೂ ನೋಡಿದಿರಾ?"

ಮಾರ್ಕ್ ನನ್ನ ಹಿಂದೆಯೇ ಬಂದಿದ್ದ. ಹೆಸರು ಕೇಳಿ ಅವನಿಗೆ ತಿಳಿಯಿತು. ನಾನು ಕಾದೆ. ಸಿಟ್ಟಿನ ಮಾತು ಬರಲಿಲ್ಲ. ಅದಷ್ಟು ಮಾತ್ರ ಅವರೊಳಗೆ ಉಳಿಯಿತೋ, ಅಥವಾ ಆ ದಿನಕ್ಕೆ ಅದನ್ನೂ ಮರೆತಿದ್ದರೋ, ನಾನು ಹೇಳಲಾರೆ. ಮತ್ತೆ ಅದೇ ಸುದ್ದಿ ಹೇಳುವ ಶಕ್ತಿ ನನ್ನಲ್ಲಿರಲಿಲ್ಲ. ಹೇಳಬೇಕಾದ್ದೂ ಇಲ್ಲ ಅನ್ನಿಸಿತು.

"ನೀವು ಇವತ್ತು ಹೋಗ್ತೀರಿ," ಎಂದ ಮಾರ್ಕ್. "ಒಂದು ವಾಕ್ಯ ಕಲಿಸಿಕೊಡಿ ನನಗೆ."

"ನಿನ್ನೆಯದಾ?"

"ಅಲ್ಲ. ಅದು ಬೇಡ. ಅವಳು ಇಲ್ಲಿಲ್ಲ, ನಾನಿದ್ದೇನೆ. ಇಷ್ಟು."

ನಲವತ್ತು ವರ್ಷ ನಾನು ಮೊದಲ ವಾರ ಕಲಿಸುತ್ತಿದ್ದ ಪಾಠದಷ್ಟು ಸುಲಭದ ವಾಕ್ಯ. ಹುಲ್ಲಿನ ಮೇಲೆ ನಿಂತು ಹೇಳಿಕೊಟ್ಟೆ. ಅವನು ತುಟಿಯಲ್ಲೇ ಒಂದೆರಡು ಸಲ ಹೇಳಿಕೊಂಡು, ಬೆಂಚಿನ ಮುಂದೆ ಹೋಗಿ ಮಂಡಿಯೂರಿ ಕುಳಿತ.

"ಕಾರಿನ್ ಇಸ್ಟ್ ನಿಕ್ಟ್ ಡಾ. ಇಕ್ ಬಿನ್ ಡಾ."

ಮುದುಕರು ಹುಬ್ಬು ಗಂಟಿಕ್ಕಿದರು. ಅರ್ಥವಾಗಲಿಲ್ಲವೇನೋ ಎಂದು ನಾನು ಮುಂದೆ ಹೋದೆ.

"ಇಕ್ ಅಲ್ಲ," ಎಂದರು, ತರಬೇತಿಗೆ ಬಂದ ಹುಡುಗನಿಗೆ ಹೇಳುವ ಹಾಗೆ. "ಇಷ್. ನಾಲಿಗೆ ಕೆಳಗೆ. ಇಷ್ ಬಿನ್ ಡಾ."

"ಇಶ್ ಬಿನ್ ಡಾ."

"ಮತ್ತೆ."

"ಇಷ್ ಬಿನ್ ಡಾ."

"ಹಾಂ," ಎಂದು ತಲೆಯಾಡಿಸಿದರು ಹೆರ್ ಡೋರ್ನ್. ಆಮೇಲೆ ಕೋಟಿನ ಅಂಚು ಎಳೆದುಕೊಂಡು, ಬೆಂಚಿನ ಒಂದು ಕಡೆಗೆ ಸರಿದು, ಅವನಿಗೆ ಜಾಗ ಬಿಟ್ಟರು.